ನನ್ನ ಪಾಳಿಗೆ ಹೋದ ಮಾಳವ್ವ

ಎದುರುಮನೆಯ ಟೀಚರಮ್ಮ ಮೊನ್ನೆ ಸಂಜೆ ಒಂದು ಸುರುಳಿ ಹಿಡಿದುಕೊಂಡು ಬಂದರು. ಕೂಡ್ರಿ ಅನ್ನುವುದರೊಳಗೆ ನಮ್ಮ ಪಡಸಾಲೆಯಲ್ಲಿ ಅದನ್ನು ಬಿಚ್ಚಿ ಹಾಸಿಬಿಟ್ಟರು. ನೇರಳೆ ಬಣ್ಣದ ರಬ್ಬರ್ ಚಾಪೆ. "ನಾಡಿದ್ದಿಂದ ಪಾರ್ಕಿನ್ಯಾಗ ಯೋಗ ಶುರು ಐತ್ರಿ ಅಮ್ಮಾರ. ನಿಮ್ಮ ಹೆಸರೂ ಬರಸೇನಿ" ಎಂದರು. ನಾನೀಗ ಇರುವ ಬಾಗಲಕೋಟೆಯ ನವನಗರದಲ್ಲಿ ಇದೊಂದು ಹೊಸ ಹುಚ್ಚು. ಒಂದೊಂದು ಸೆಕ್ಟರಿಗೆ ಒಂದೊಂದು ಪಾರ್ಕು, ಒಂದೊಂದು ಪಾರ್ಕಿಗೆ ಒಬ್ಬೊಬ್ಬ ಗುರು. ನಾನು ನಕ್ಕು ಏನೋ ಒಂದು ನೆಪ ಹೇಳುವವಳಿದ್ದೆ. ಅಷ್ಟರಲ್ಲಿ ಆ ಚಾಪೆಯ ವಾಸನೆ ಮೂಗಿಗೆ ಬಡಿಯಿತು.

ಹೊಸ ರಬ್ಬರಿನ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೆಯೋ ನನಗೆ ಗೊತ್ತಿಲ್ಲ. ಮಕ್ಕಳ ಚೆಂಡು, ಸೈಕಲ್ಲಿನ ಟೈರು, ಹೊಸ ಚಪ್ಪಲಿ ನೆನಪಾಗುವುದಾದರೆ ನೀವು ಪುಣ್ಯವಂತರು. ನನಗೆ ನೆನಪಾಗುವುದು ದವಾಖಾನೆಯ ಕಾಟಿನ ಮೇಲೆ ಹಾಸುತ್ತಿದ್ದ ಕೆಂಪು ರಬ್ಬರ್ ಹಾಸು. ಅದರ ಮೇಲೆ ಮಲಗಿದ್ದ ನನ್ನ ಮಗಳು ಸುಮಿ. ಅದಕ್ಕೂ ಮಿಗಿಲಾಗಿ, ಪಕ್ಕದ ಕಾಟಿನ ಮಾಳವ್ವ. ಟೀಚರಮ್ಮ ಪಾಪ, ಇವಳ ಮುಖ ಯಾಕೆ ಹೀಗಾಯಿತು ಎಂದು ಚಾಪೆ ಸುತ್ತಿಟ್ಟು ಹೋದರು.

ನಾನು ಸಂಶಯದ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತಿಗೆ ದಾರಿ ಸುಲಭ. ಕಾಯಿಪಲ್ಲೆಯವಳು ಒಂದು ಸವತೆಕಾಯಿ ಹೆಚ್ಚಿಗೆ ಹಾಕಿದರೆ ಕಹಿ ಇದ್ದೀತು ಎಂದು ಅದನ್ನೇ ಮೊದಲು ಮುರಿದು ನೋಡುವವಳು. ಬಸ್ಸಿನಲ್ಲಿ ಯಾರಾದರೂ ಸರಿದು ಜಾಗ ಕೊಟ್ಟರೆ ಕೂಡುವ ಮೊದಲು ಆ ಜಾಗ ಒದ್ದೆಯಾಗಿದೆಯೇ ಎಂದು ಕೈಯಾಡಿಸುವವಳು. "ಈಕಿ ಗುಡಿಯಾಗ ಕೈ ಮುಗದರೂ ಒಂದ ಕಣ್ಣ ಚಪ್ಪಲ ಮ್ಯಾಲ ಇಟ್ಟಿರತಾಳ" ಎಂದು ನಮ್ಮತ್ತೆ ಓಣಿಗೆಲ್ಲ ಹೇಳುತ್ತಿದ್ದರು. ಸುಳ್ಳೇನೂ ಅಲ್ಲ.

ಇದರಲ್ಲಿ ಅರ್ಧ ತಪ್ಪನ್ನು ನಾನು ಮಗ್ಗದ ಮೇಲೆ ಹಾಕುತ್ತೇನೆ. ನಾವು ಇಳಕಲ್ಲಿನ ನೇಕಾರರು. ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸ ಮನೆಯ ಹೆಂಗಸರದು. ಕೂತಲ್ಲೇ ಕೂತು ಸಾವಿರಾರು ಕೊಂಡಿ. ಒಂದು ತಪ್ಪಿದರೂ ಆಮೇಲೆ ಸೆರಗಿನ ಬುಡದಲ್ಲಿ ಎದ್ದು ಕಾಣುತ್ತದೆ. ಹತ್ತು ವರ್ಷ ತಪ್ಪಿದ ಎಳೆಯನ್ನೇ ಹುಡುಕಿದ ಕಣ್ಣು ಸರಿಯಾದ ಎಳೆಯನ್ನು ನೋಡುವುದನ್ನೇ ಮರೆಯುತ್ತದೆ.

ಆದರೂ ಆ ಕಣ್ಣು ನನ್ನ ಮಗಳ ವಿಷಯದಲ್ಲಿ ಕುರುಡಾಯಿತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸುಮಿಗೆ ಆರು ತುಂಬಿತ್ತು. ಕಡ್ಡಿಯಂಥ ಹುಡುಗಿ ಇದ್ದಕ್ಕಿದ್ದಂತೆ ಗಲ್ಲ ತುಂಬಿಕೊಂಡು ದುಂಡಗಾದಳು. "ಹುಡುಗಿ ಮೈ ಹಿಡದೈತಿ ನೋಡವಾ" ಎಂದು ಓಣಿಯವರೆಲ್ಲ ಹೊಗಳಿದರು. ಜಗತ್ತನ್ನೆಲ್ಲ ಸಂಶಯಿಸುತ್ತಿದ್ದ ನಾನು ಹೊಗಳಿಕೆಯನ್ನು ಮಾತ್ರ ನಂಬಿದೆ. ದೃಷ್ಟಿಯಾದೀತೆಂದು ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಟ್ಟೆ. ಒಂದು ದಿನ ಕಾಲಿನ ಗೆಜ್ಜೆ ಚರ್ಮದೊಳಗೆ ಹೂತಂತೆ ಕಂಡು ಬಿಚ್ಚಿದೆ. ಗೆಜ್ಜೆ ಕೈಗೆ ಬಂತು, ಅದರ ಗುರುತು ಕಾಲಿನಲ್ಲೇ ಉಳಿಯಿತು. ಹುನಗುಂದದ ಡಾಕ್ಟರು ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ತಗ್ಗು ತುಂಬಲಿಲ್ಲ. "ಬಾಗಲಕೋಟಿಗೆ ಒಯ್ರಿ. ಇವತ್ತ ಒಯ್ರಿ" ಅಂದರು. ಕಿಡ್ನಿಯ ರೋಗ. ಅದು ಮೈ ಹಿಡಿದದ್ದಲ್ಲ, ಬಾವು.

ಬಾಗಲಕೋಟೆಯ ಆ ದವಾಖಾನೆಯ ಹೆಸರು ಬೇಡ. ಅದು ಇದ್ದ ಓಣಿಯೇ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಮಕ್ಕಳ ವಾರ್ಡಿನಲ್ಲಿ ಸಾಲಾಗಿ ಕಾಟುಗಳು. ತಾಯಂದಿರು ಕೆಳಗೆ ಕೌದಿ ಹಾಸಿಕೊಂಡು ಇರಬೇಕು. ಸುಮಿಗೆ ಉಪ್ಪು ಬಂದ್ ಆಯಿತು. ದಿನಾ ಬೆಳಿಗ್ಗೆ ಅವಳ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಸ್ಪಿರಿಟ್ಟಿನ ದೀಪದ ಮೇಲೆ ಕಾಸುತ್ತಿದ್ದರು. ತಿಳಿಯಾಗಿ ಉಳಿದರೆ ರೋಗ ಇಳಿಯುತ್ತಿದೆ ಎಂದು ಅರ್ಥ. ಒಡೆದ ಹಾಲಿನಂತೆ ಬೆಳ್ಳಗಾದರೆ ಇಲ್ಲ. ತಿಂಗಳ ಮೇಲಾದರೂ ದಿನಾ ಬೆಳ್ಳಗೇ ಆಗುತ್ತಿತ್ತು. ನನ್ನ ಗಂಡ ಮಗ್ಗ ಬಿಟ್ಟು ರವಿವಾರಕ್ಕೊಮ್ಮೆ ಬಂದು "ಇವತ್ತ ಹೆಂಗೈತಿ?" ಅನ್ನುತ್ತಿದ್ದರು. ಆ ನಳಿಕೆಯ ಬಣ್ಣವನ್ನು ಅವರಿಗೆ ಹೇಳುವುದೇ ನನ್ನ ವಾರದ ಕೆಲಸವಾಗಿತ್ತು. ಮಗಳು ಸಪ್ಪೆ ಅನ್ನ ನುಂಗುವುದನ್ನು ನೋಡಿ ನನ್ನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ದವಾಖಾನೆಯವರು ಕೊಡುವ ತಾಟು ಹೇಗೆ ಬಂದಿತ್ತೋ ಹಾಗೆಯೇ ಮರಳಿ ಹೋಗುತ್ತಿತ್ತು.

ಪಕ್ಕದ ಕಾಟಿಗೆ ಮಾಳವ್ವ ಬಂದದ್ದು ಆಗ. ಬಾದಾಮಿ ಕಡೆಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆಯ ಹೆಣ್ಣು. ನನಗಿಂತ ಒಂದೆರಡು ವರ್ಷ ಸಣ್ಣವಳು. ಮಗ ಬೀರಪ್ಪನಿಗೆ ಏಳು ವರ್ಷ. ಅವರ ಮನೆದೇವರ ಹೆಸರು. ಹೃದಯದಲ್ಲಿ ತೂತಿತ್ತು. ನಾಲ್ಕು ಹೆಜ್ಜೆ ನಡೆದರೆ ತುಟಿ ನೀಲಿಗಟ್ಟುತ್ತಿತ್ತು. ಬಂದ ವಾರದಲ್ಲೇ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕರೆದು ಮಾತಾಡಿದರು. ಏನೆಂದರೋ ನನಗೆ ಕೇಳಿಸಲಿಲ್ಲ. ಹೊರಗೆ ಬಂದ ಮಾಳವ್ವನ ಮುಖದಿಂದಲೂ ತಿಳಿಯಲಿಲ್ಲ.

ನಾನು ಆಕೆಯನ್ನೂ ಸಂಶಯಿಸಿದೆ. ಬೆಳಿಗ್ಗೆ ಎದ್ದಾಗ ನನ್ನ ತಾಮ್ರದ ತಂಬಿಗೆ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ, ಒಂದು ಗೇಣು ಆಚೆ ಇರುತ್ತಿತ್ತು. ಕುರಿಯವರ ಹೆಣ್ಣು ನನ್ನ ತಂಬಿಗೆ ಬಳಸುತ್ತಾಳೆ ಎಂದು ಲೆಕ್ಕ ಹಾಕಿದೆ. ಮೂರು ದಿನ ಬೆಳಗಿನ ಜಾವ ನಿದ್ದೆಯ ಸೋಗು ಹಾಕಿ ಕಣ್ಣು ಕಿರಿದು ಮಾಡಿ ಮಲಗಿದೆ. ಆಕೆ ಎದ್ದು ಎರಡೂ ತಂಬಿಗೆ ಒಯ್ದು, ಬೂದಿ ಹಾಕಿ ತಿಕ್ಕಿ, ನೀರು ತುಂಬಿ ತಂದು, ನನ್ನದರ ಮೇಲೆ ತಾಟು ಮುಚ್ಚಿಟ್ಟಳು. ಕಳ್ಳಿಯನ್ನು ಹಿಡಿದಂತಾಯಿತು, ಆದರೆ ಕಳವೇ ಇರಲಿಲ್ಲ. ನಾಚಿಕೆಯಾಯಿತು. ನನ್ನ ಸಾಬೂನನ್ನು ಮಾತ್ರ ಮೊದಲಿನಂತೆ ದಿಂಬಿನ ಕೆಳಗೇ ಇಟ್ಟುಕೊಂಡೆ.

ಹೀಗಿರುವಾಗ ಯೋಗದ ಮಾಸ್ತರರು ಬಂದರು. ಯಾವುದೋ ಸಾಲಿಯ ಡ್ರಿಲ್ ಮಾಸ್ತರರಾಗಿ ರಿಟಾಯರ್ ಆದವರು, ಕಾಕಿ ಚಡ್ಡಿ, ಬಿಳಿ ಬನಿಯನ್ನು, ಹಳೆಯ ಸೈಕಲ್ಲು. ರೋಗಿ ಮಕ್ಕಳಿಗಲ್ಲ, ತಾಯಂದಿರಿಗೆ ಯೋಗ ಹೇಳಿಕೊಡುತ್ತಾರಂತೆ. ಬೆಳಿಗ್ಗೆ ಅರ್ಧ ತಾಸು, ಹಿಂದಿನ ವರಾಂಡದಲ್ಲಿ. "ಮನಸ್ಸಿನ ಭಾರ ಇಳೀತೈತ್ರಿ, ತಾಯಿ" ಎಂದು ಅವರು ವಾರ್ಡಿನ ಬಾಗಿಲಲ್ಲಿ ನಿಂತು ಕೈ ಮುಗಿದು ಹೇಳಿದಾಗ ಎಲ್ಲರೂ ಅವರ ಹೆಗಲ ಚೀಲ ನೋಡಿದರು. ಸಂಶಯದಲ್ಲಿ ನಾನು ಒಬ್ಬಳೇ ಅಲ್ಲ ಎಂದು ನನಗೆ ತಿಳಿದದ್ದು ಅವತ್ತು. ಇವತ್ತಿಲ್ಲ ನಾಳೆ ಚೀಲದಿಂದ ಎಣ್ಣೆಯ ಬಾಟಲಿ ತೆಗೆದು ಮಾರುತ್ತಾನೆ ಎಂದಳು ಒಬ್ಬಳು. ನಾವು ಅತ್ತರೆ ಡಾಕ್ಟರರಿಗೆ ಕಿರಿಕಿರಿ, ಅದಕ್ಕೆ ಬಾಯಿ ಮುಚ್ಚಿಸಲು ಕಳಿಸಿದ್ದಾರೆ ಎಂದೆ ನಾನು. ಎಲ್ಲರನ್ನೂ ನಡುಗಿಸಿದ್ದು ಮೂರನೆಯವಳ ಮಾತು: "ಸಾಲಾಗಿ ಮಲಗಸ್ತಾರಂತ. ಆಪರೇಶನ್ ಮಾಡಾಕ ಅಲ್ಲಂತ ಏನ ಗ್ಯಾರಂಟಿ?" ಹಳ್ಳಿಹಳ್ಳಿಯಲ್ಲಿ ಜನರನ್ನು ಜೀಪಿಗೆ ಹತ್ತಿಸಿ ಮಕ್ಕಳಾಗದ ಆಪರೇಶನ್ನಿಗೆ ಒಯ್ದ ಕಾಲ ಆಗಷ್ಟೇ ಮುಗಿದಿತ್ತು. ಯಾರು ಸಾಲು ನಿಲ್ಲಿಸಿದರೂ ಹೆಂಗಸರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ವರಾಂಡದಲ್ಲಿ ಆರೇ ಕೌದಿಗೆ ಜಾಗ. ಹೀಗಾಗಿ ವಾರ್ಡಿನ ಸಿಸ್ಟರು ಹದಿನೈದು ದಿನದ ಪಾಳಿಗೆ ಆರಾರು ಹೆಸರು ಬರೆದುಕೊಂಡು ಸಂಜೆ ಓದುತ್ತಿದ್ದರು. ಮೊದಲ ದಿನದ ಆರು ಜನರನ್ನು ನಾವು ಉಳಿದವರು ಕಿಟಕಿಯಿಂದ ನೋಡಿದೆವು. ಮಾಸ್ತರರು ಜಾಣರು, ಶವಾಸನ ಎಂದರೆ ಹೆಂಗಸರು ಹೆದರುತ್ತಾರೆಂದು ಅದಕ್ಕೆ 'ವಿಶ್ರಾಂತಿ' ಎಂದು ಬೇರೆ ಹೆಸರು ಇಟ್ಟುಕೊಂಡು ಬಂದಿದ್ದರು. ಮಲಗಿಸಿದಾಗ ಯಾರೂ ಹೆದರಲಿಲ್ಲ. ಆಮೇಲೆ ಎಬ್ಬಿಸಿ, ಗೋಡೆಗೆ ಬೆನ್ನು ಕೊಟ್ಟು ಪದ್ಮಾಸನ ಹಾಕಿ ಕಣ್ಣು ಮುಚ್ಚಿರಿ ಎಂದರು. ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದ ಹೆಂಗಸರು ಹಾಗೆಯೇ ಕೂತರು. ಕಿಟಕಿಯಲ್ಲಿದ್ದ ನಮಗೆಲ್ಲ ಎದೆ ಧಸಕ್ ಎಂದಿತು.

ಯಾಕೆಂದರೆ ನಮ್ಮ ಲಿಂಗವಂತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕಾಲು ಮಡಚಿಸಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಮುಂದೆ ಭಜನೆ ನಡೆಯುತ್ತದೆ. ಕೂತಂತೆಯೇ ಮಣ್ಣಿಗೆ ಒಯ್ಯುತ್ತೇವೆ. ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ ಹುನಗುಂದದ ಕಡೆಯ ಮುದುಕಿಯೊಬ್ಬಳು ಕಣ್ಣು ತೆರೆದು ಆಚೀಚೆ ನೋಡಿ, ಸೆರಗು ಸರಿಮಾಡಿಕೊಂಡು ಎದ್ದಳು. "ಮಾಸ್ತರ್ರ, ನಮ್ಮನ್ನ ಯಾಕ ಹಿಂಗ ಕೂಡಸೀರಿ? ನಾವಿನ್ನೂ ಉಸರಾಡಾಕತ್ತೇವಿ" ಎಂದಳು. ಮಾಸ್ತರರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಪಾಪ, ಕೈಯಲ್ಲಿ ತಲೆ ಹಿಡಿದುಕೊಂಡರು. ಮರುದಿನದಿಂದ ಗೋಡೆ ಬಿಟ್ಟು ನಡುವೆ ಕೂಡಿಸಿದರು. ಕಾಲು ಚಾಚಿ, ಕಣ್ಣು ತೆರೆದು, ಎದುರಿನ ಬೇವಿನ ಗಿಡ ನೋಡುತ್ತ ಬರೀ ಉಸಿರು ಎಳೆದು ಬಿಡುವುದು. ಹೆಂಗಸರು ಒಪ್ಪಿದರು. ಮಕ್ಕಳ ಕಾಟಿನಿಂದ ಅರ್ಧ ತಾಸು ದೂರ ಕೂತು ಬಂದವರ ಮುಖ ಸ್ವಲ್ಪ ಸಡಿಲಾಗಿರುತ್ತಿತ್ತು ಎಂಬುದನ್ನು ಈಗ ಒಪ್ಪುತ್ತೇನೆ, ಆಗ ಒಪ್ಪಿರಲಿಲ್ಲ.

ಹದಿನೈದು ದಿನದೊಳಗೆ ಎರಡು ಕಾಟು ಖಾಲಿಯಾದವು. ಎರಡೂ ಯೋಗಕ್ಕೆ ಹೋಗುತ್ತಿದ್ದ ತಾಯಂದಿರವು. ಅಷ್ಟು ಸಾಕಾಯಿತು. ನೀರಿನ ನಳದ ಹತ್ತಿರ ಗುಸುಗುಸು ಹುಟ್ಟಿ ಸಂಜೆಯೊಳಗೆ ವಾರ್ಡು ತುಂಬಿತು: ಯಾರ ಮಗು ಉಳಿಯುವುದಿಲ್ಲವೋ ಅವರ ಹೆಸರನ್ನೇ ಸಿಸ್ಟರು ಬರೆಯುತ್ತಾರೆ. ಬಾಯಿಬಿಟ್ಟು ಹೇಳಲಾರದೆ ಡಾಕ್ಟರು ಹೀಗೆ ತಾಯಂದಿರನ್ನು ತಯಾರು ಮಾಡುತ್ತಾರೆ. ಈಗ ಕೂತು ಯೋಚಿಸಿದರೆ ನಗು ಬರುತ್ತದೆಂದು ಹೇಳಲು ಆಸೆ. ಬರುವುದಿಲ್ಲ. ನಾನು ಆ ಮಾತನ್ನು ಪೂರ್ತಿ ನಂಬಿದೆ. ಸಂಶಯದವರಿಗಿಂತ ಬೇಗ ನಂಬುವವರು ಯಾರೂ ಇಲ್ಲ. ನಂಬುವ ಸುದ್ದಿ ಕೆಟ್ಟದ್ದಾಗಿರಬೇಕು, ಅಷ್ಟೇ.

ಒಂದು ಮಂಗಳವಾರ ಸಂಜೆ ಸಿಸ್ಟರು ಓದಿದ ಆರರಲ್ಲಿ ನನ್ನ ಹೆಸರು ಇತ್ತು.

ಸುಮಿ ಕಾಟಿನ ಮೇಲೆ ಕೂತು ನನ್ನ ಸೆರಗಿನ ಗೊಂಡೆ ಹೆಣೆಯುತ್ತಿದ್ದಳು. ಬೆಳಿಗ್ಗೆ ನಳಿಕೆ ಬೆಳ್ಳಗಾಗಿತ್ತು. ನನ್ನ ಬಾಯಿ ಚುರುಕಾಗಿ ಕೆಲಸ ಮಾಡಿತು. "ನನಗ ನಡಾ ನೋಯ್ತೈತ್ರಿ ಸಿಸ್ಟರ್. ನನ್ನ ಪಾಳಿಗೆ ಮಾಳವ್ವನ್ನ ಕಳಸ್ರಿ" ಎಂದೆ.

"ಅಕಿ ಹೆಸರ ಬರದಿಲ್ಲಲ್ಲ."

"ಬರಕೋರಿ. ಅಕಿಗೆ ಭಾಳ ಆಸೆ ಐತಿ."

ಶುದ್ಧ ಸುಳ್ಳು. ಮಾಳವ್ವ ಒಂದು ದಿನವೂ ಹಾಗೆ ಹೇಳಿರಲಿಲ್ಲ. ಆಕೆ ಮಗನಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಸುಮಿಯನ್ನು ನೋಡಿದಳು. "ಹೌದ್ರಿ ಸಿಸ್ಟರ್" ಎಂದಳು, "ನನಗ ಆಸೆ ಐತಿ." ಸಿಸ್ಟರು ನನ್ನ ಹೆಸರು ಹೊಡೆದು ಆಕೆಯ ಹೆಸರು ಬರೆದುಕೊಂಡರು. ಪಾಪ, ಹಳ್ಳಿಯ ಹೆಣ್ಣು, ನಳದ ಹತ್ತಿರದ ಮಾತು ಈಕೆಯ ಕಿವಿಗೆ ಬಿದ್ದಿಲ್ಲ ಎಂದುಕೊಂಡೆ. ಅವತ್ತು ನನ್ನ ಮಗಳ ಸಾವನ್ನು ಇನ್ನೊಬ್ಬ ತಾಯಿಯ ಉಡಿಗೆ ಹಾಕಿದ್ದೆ. ಹಾಗೆ ಹಾಕಲು ಬರುತ್ತದೆ ಎಂದು ನಂಬಿಯೇ ಹಾಕಿದ್ದೆ. ಬೇರೆ ಮಾತಿನಲ್ಲಿ ಇದನ್ನು ಹೇಳಲು ಬರುವುದಿಲ್ಲ.

ದಿನಾ ಬೆಳಿಗ್ಗೆ ಆಕೆ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ವರಾಂಡಕ್ಕೆ ಹೋಗುತ್ತಿದ್ದಳು. ನಾನು ಇಬ್ಬರೂ ಮಕ್ಕಳ ನಡುವೆ ಕೂತು ಕಿಟಕಿಯಿಂದ ನೋಡುತ್ತಿದ್ದೆ. "ಒಳಗ ತಗೋರಿ... ನಿಲ್ಲಸ್ರಿ... ಸಾವಕಾಶ ಬಿಡ್ರಿ" ಎಂದು ಮಾಸ್ತರರು ಹೇಳುವುದು ಕೇಳುತ್ತಿತ್ತು. ಒಂದು ದಿನ ನೋಡಿಕೊಂಡರೆ ನಾನೂ ಅವರ ಮಾತಿಗೆ ಸರಿಯಾಗಿ ಉಸಿರು ಎಳೆದು ಬಿಡುತ್ತಿದ್ದೇನೆ. ಯಾರೋ ಕಂಡುಹಿಡಿದಂತಾಗಿ ಗಾಬರಿಯಿಂದ ನಿಲ್ಲಿಸಿ, ಮನಸ್ಸಿಗೆ ಬಂದ ಹಾಗೆ ಅಡ್ಡಾದಿಡ್ಡಿ ಉಸಿರಾಡಿದೆ.

ಎರಡು ವಾರವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಮಾಳವ್ವ ವರಾಂಡದಿಂದ ಬಂದು ಬೀರಪ್ಪನನ್ನು ತೊಡೆಯ ಮೇಲೆ ಹಾಕಿಕೊಂಡಳು. ಹಾಲಿನವನು ಬಂದು ಹೋದ. ಅಷ್ಟರಲ್ಲಿ ಹುಡುಗ ಹೋದ. ಆಕೆ ತನ್ನ ಗಲ್ಲವನ್ನು ಅವನ ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಳು. ಬೋರಾಡಿ ಅಳಲಿಲ್ಲ. ಉಸಿರನ್ನು ಉದ್ದಕ್ಕೆ ಎಳೆದು, ನಿಲ್ಲಿಸಿ, ಸಾವಕಾಶ ಬಿಟ್ಟಳು. ಮತ್ತೆ ಎಳೆದಳು. ಮಧ್ಯಾಹ್ನ ಅವಳ ಗಂಡ ಬಂದು ಮಗನನ್ನು ಅದೇ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಹೋಗುವಾಗ ಆಕೆ ನಮ್ಮ ಕಡೆ ಒಮ್ಮೆ ತಿರುಗಿದಳು. ನಾನು ಸುಮಿಯ ಮುಖವನ್ನು ಹೊಟ್ಟೆಗೆ ಒತ್ತಿಕೊಂಡು ಗೋಡೆ ನೋಡುತ್ತಿದ್ದೆ. ಎದ್ದು ಹೋಗಿ ಕೈ ಹಿಡಿಯಲಿಲ್ಲ. ಎದೆಯ ಒಂದು ಮೂಲೆಯಲ್ಲಿ 'ನಮ್ಮದು ದಾಟಿತು' ಎಂದು ಹಗುರವಾಯಿತು. ಆ ಹಗುರವನ್ನು ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಆಮೇಲೆ ಧೈರ್ಯ ಮಾಡಿ ಸಿಸ್ಟರನ್ನು ಕೇಳಿದೆ, ಆ ಹೆಸರುಗಳನ್ನು ಹೇಗೆ ಆರಿಸುತ್ತೀರಿ ಎಂದು. ಅವರು ಔಷಧದ ಟ್ರೇ ಒರೆಸುತ್ತಲೇ ಹೇಳಿದರು: "ಯಾರ ತಾಟ ತುಂಬಿದ್ದು ತುಂಬಿದಂಗ ಹೊಳ್ಳಿ ಬರತೈತಿ, ಅವರ ಹೆಸರ ಬರೀತೇನಿ. ಹುಡುಗರನ್ನ ನೋಡಾಕ ಡಾಕ್ಟರ್ ಅದಾರ. ಉಣ್ಣಲಾರದ ಕುಂತ ನಿಮ್ಮನ್ನ ಯಾರ ನೋಡಬೇಕು?" ಹೆಚ್ಚು ಜಡ್ಡಾದ ಮಕ್ಕಳ ತಾಯಂದಿರೇ ಊಟ ಬಿಡುತ್ತಾರೆ, ಅವರ ಕಾಟುಗಳೇ ಖಾಲಿಯಾಗುತ್ತವೆ. ಇಷ್ಟು ಸರಳ ಲೆಕ್ಕ ನನ್ನ ಜಾಣ ತಲೆಗೆ ಹೊಳೆದಿರಲಿಲ್ಲ. ಮಾಳವ್ವ ದಿನಾ ಚೆನ್ನಾಗಿಯೇ ಉಣ್ಣುತ್ತಿದ್ದಳು. ಮಗನನ್ನು ಎತ್ತಿಕೊಳ್ಳಲು ಶಕ್ತಿ ಬೇಕಲ್ಲ ಎನ್ನುತ್ತಿದ್ದಳು.

ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ನಳಿಕೆಯ ನೀರು ಕುದಿದರೂ ತಿಳಿಯಾಗಿ ಉಳಿಯಿತು. ಮರುದಿನವೂ ಹಾಗೆಯೇ. ಬಾವು ಇಳಿದು ಸುಮಿ ಮತ್ತೆ ಕಡ್ಡಿಯಾದಳು. ಇಳಕಲ್ಲಿಗೆ ಬಂದೆವು. ನಡುವೆ ಎರಡು ಸಲ ರೋಗ ಮರುಕಳಿಸಿತು, ಎರಡು ಸಲವೂ ಇಳಿಯಿತು.

ಏಳೆಂಟು ವರ್ಷ ಕಳೆದ ಮೇಲೆ, ಸುಮಿ ಹೈಸ್ಕೂಲಿನಲ್ಲಿದ್ದಾಗ, ಹರಕೆ ತೀರಿಸಲು ಅವಳನ್ನು ಬಾದಾಮಿ ಹತ್ತಿರದ ಮಹಾಕೂಟಕ್ಕೆ ಕರೆದುಕೊಂಡು ಹೋದೆ. ಹೊಂಡದ ದಾರಿಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ರೊಟ್ಟಿ ಮೊಸರು ಮಾರುತ್ತ ಕೂತಿದ್ದರು. "ಯಕ್ಕಾ" ಎಂದು ಯಾರೋ ಕರೆದರು. ಗಿರಾಕಿಗೆ ಕರೆಯುವ ದನಿಯಲ್ಲ. ತಿರುಗಿ ನೋಡಿದರೆ ಮಾಳವ್ವ. ಅವಳು ನನ್ನನ್ನು ನೋಡಲೇ ಇಲ್ಲ, ಸುಮಿಯನ್ನೇ ನೋಡುತ್ತಿದ್ದಳು. "ಸುಮಿ ಅಲ್ಲಾ? ಎಷ್ಟ ದೊಡ್ಡಾಕಿ ಆಗ್ಯಾಳ" ಎಂದು ಅವಳ ಗಲ್ಲ ಸವರಿ, ಕುಡಿಕೆಯಿಂದ ಗಟ್ಟಿ ಮೊಸರು ತೆಗೆದು ಅಂಗೈಗೆ ಹಾಕಿದಳು. ಸುಮಿ ಹೊಂಡದ ಕಡೆ ಹೋದ ಮೇಲೆ ನಾನು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹೇಳಲೇಬೇಕಿತ್ತು. "ಮಾಳವ್ವ, ಅವತ್ತ ನಿನ್ನ ಕಳಿಸಿದ್ದು ನನ್ನ ನಡಾ ನೋಯ್ತಂತಲ್ಲ..." ಎಂದು ಶುರು ಮಾಡಿದೆ.

"ಗೊತ್ತಿತ್ತ ಬಿಡಯಕ್ಕಾ" ಎಂದಳು. "ನಳದ ಮುಂದಿನ ಮಾತ ನನಗೊಬ್ಬಾಕಿಗೆ ಕೇಳಲಿಲ್ಲೇನು? ನಮ್ಮ ಹುಡುಗ ಉಳಿಯಂಗಿಲ್ಲಂತ ಡಾಕ್ಟರ್ ಬಂದ ವಾರದಾಗ ಹೇಳಿದ್ರು. ಹೋಗಾಂವ ಅಂತೂ ಹೊಂಟಿದ್ದ. ನಿನ್ನ ಹೆಸರ ಬಂತು, ನಿನ್ನ ಮಾರಿ ನೋಡಿದೆ, ಹುಡುಗಿ ಮಾರಿ ನೋಡಿದೆ. ಹೋಗೂದ ಒಂದ ಹೋಗ್ಲಿ, ಎರಡ ಯಾಕ ಅನಿಸ್ತು." ರೊಟ್ಟಿಯ ಮೇಲಿನ ಅರಿವೆ ಸರಿಮಾಡಿ ಮತ್ತೆ ಹೇಳಿದಳು: "ಮತ್ತ ಆ ಮಾಸ್ತರ ಚಲೋ ಮನಶ್ಯಾ. ಅರ್ಧ ತಾಸ ಎದಿಮ್ಯಾಲಿನ ಕಲ್ಲ ಯಾರೋ ಒಂಚೂರ ಹಿಡಕೊಂಡಂಗ ಇರತಿತ್ತು. ಅದು ನಿನ್ನ ಪಾಳಿ. ನನಗ ಸಿಕ್ತು."

ನಾನು ಅತ್ತೆ. ಆಕೆ ಅಳಲಿಲ್ಲ. ಆದರೆ ಬಾದಾಮಿಯಿಂದ ಬಸ್ಸು ಹತ್ತಿ ಒಂದು ಹರದಾರಿ ಬಂದಿರಲಿಲ್ಲ, ನನ್ನ ಹುಟ್ಟುಗುಣ ಎದ್ದು ಕೂತಿತು. ಅದೆಲ್ಲ ಖರೆಯೇ? ಯಾವ ತಾಯಿ ತಿಳಿದೂ ತಿಳಿದೂ ಹಾಗೆ ಮಾಡುತ್ತಾಳೆ? ನನ್ನ ಮುಖ ನೋಡಿ ಮರುಗಿ, ಸಮಾಧಾನಕ್ಕೆಂದು ಕಟ್ಟಿ ಹೇಳಿದ ಮಾತಿರಬೇಕು. ಆಕೆಗೆ ಏನೂ ಗೊತ್ತಿರಲಿಲ್ಲ. ನಾನೇ ಮೋಸ ಮಾಡಿದ್ದೆ. ಆ ಸಂಶಯವನ್ನು ನಲವತ್ತು ವರ್ಷ ಸಾಕಿದೆ. ಸುಮಿಗೂ ಹೇಳಲಿಲ್ಲ, ಅವಳ ಅಪ್ಪನಿಗೂ ಹೇಳಲಿಲ್ಲ. ಯೋಗ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಒಳಗೆ ಹೋಗುತ್ತಿದ್ದೆ.

ಮೊನ್ನೆ ಟೀಚರಮ್ಮ ಹೋದ ಮೇಲೆ ಆ ಚಾಪೆಯ ಜೊತೆ ಒಬ್ಬಳೇ ಕೂತಿರಲು ಆಗಲಿಲ್ಲ. ಹುಬ್ಬಳ್ಳಿಗೆ ಫೋನು ಮಾಡಿ ಸುಮಿಗೆ ಎಲ್ಲವನ್ನೂ ಹೇಳಿದೆ. ನಾನು ಮಾಡಿದ್ದು, ಮಾಳವ್ವ ಹೇಳಿದ್ದು, ನಾನು ನಂಬದೆ ಉಳಿದದ್ದು.

"ಯವ್ವಾ" ಎಂದಳು ಸುಮಿ. "ಬೀರು ನನಗ ನೆನಪ ಅದಾನ. ನೀ ನೀರಿಗೆ ಹೋದಾಗ ಅವನ ಕಡೆ ಉಪ್ಪ ಬೇಡಿದ್ದೆ ನಾ. ಅವನ ರೊಟ್ಟಿ ಮ್ಯಾಲ ಚಟ್ನಿ ಇರತಿತ್ತಲ್ಲ, ಒಂದ ಚಿಮಟಿಗಿ ಕೊಡೋ ಅಂತ ಅತ್ತಿದ್ದೆ. ಕೊಡಲಿಲ್ಲ."

"ಮತ್ತ?"

"'ತಿನಬ್ಯಾಡ, ನೀ ಊರಿಗೆ ಹೋಗಾಕಿ' ಅಂದ. ನೀ ಬರಂಗಿಲ್ಲೇನೋ ಅಂದೆ. 'ನಾ ಹೋಗಂಗಿಲ್ಲಂತ. ಅವ್ವ ಅಪ್ಪ ಮಾತಾಡೂದ ಕೇಳೇನಿ' ಅಂದ."

ಹಾಗಾದರೆ ಡಾಕ್ಟರು ಒಳಗೆ ಕರೆದು ಹೇಳಿದ್ದು ಅದನ್ನೇ, ಆಕೆಗೆ ಮೊದಲೇ ಗೊತ್ತಿತ್ತು. ಮಾಳವ್ವ ಖರೆಯನ್ನೇ ಹೇಳಿದ್ದಳು.

ಇವತ್ತು ಬೆಳಿಗ್ಗೆ ಟೀಚರಮ್ಮ ಬಾಗಿಲಿಗೆ ಬಂದು ಕರೆದರು. ಚಾಪೆ ಎತ್ತಿಕೊಂಡು ಅವರ ಹಿಂದೆ ಹೋದೆ.